ಮುಂಗಾರು ಕೆಡಲು ಕಾರಣ ಎಲ್ಲ ನೀನೇ

ಪತ್ರಿಕೆಯಲ್ಲಿ ತಪ್ಪು ದೊಡ್ಡ ಅಕ್ಷರದಲ್ಲಿ ಅಚ್ಚಾಗುತ್ತದೆ, ತಿದ್ದುಪಡಿ ಚಿಕ್ಕ ಅಕ್ಷರದಲ್ಲಿ. ಅರಸೀಕೆರೆಯಿಂದ ವರದಿ ಕಳಿಸುತ್ತಿದ್ದ ಹನ್ನೊಂದು ವರ್ಷಗಳಲ್ಲಿ ನನ್ನ ಪಾಲಿಗೆ ಆ ಚಿಕ್ಕ ಅಕ್ಷರ ಒಂದೂ ಬಂದಿರಲಿಲ್ಲ. ಇದನ್ನು ನಾನು ಕೇಳಿದವರಿಗೆ ಮಾತ್ರ ಹೇಳುತ್ತಿದ್ದೆ. ಕೇಳದವರಿಗೆ ನನ್ನ ಹೆಂಡತಿ ಗಿರಿಜ ಹೇಳುತ್ತಿದ್ದಳು, ಸ್ವಲ್ಪ ಬೇರೆ ಧಾಟಿಯಲ್ಲಿ: "ನಮ್ಮನೆಯವರು ತಪ್ಪೇ ಮಾಡಲ್ಲ ಕಣ್ರೀ. ಉಪ್ಪು ತನ್ನಿ ಅಂದ್ರೆ ಸೋಡಾಪುಡಿ ತರ್ತಾರೆ, ತಪ್ಪು ಅಂಗಡಿಯವನದ್ದು."

ಗಿರಿಜ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾಳೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಪತ್ರಿಕೆ ವಿದ್ಯಾರ್ಥಿಗಳಿಗೆಂದು ಒಂದು ಪುಟ ತೆರೆದಾಗ, ಭೂಗೋಳ ಓದುವ ಮಕ್ಕಳಿಗೆ ಪರಿಸರದ, ಪ್ರಪಂಚದ ಸದ್ಯದ ಸಮಸ್ಯೆಗಳನ್ನು ತಿಳಿಸುವ ಅಂಕಣ ನನ್ನ ಪಾಲಿಗೆ ಬಂತು. "ನಿಮ್ಮ ಮನೇಲೇ ಭೂಗೋಳ ಇದೆಯಲ್ಲ" ಎಂದರು ಸಂಪಾದಕರು. ಕೊಬ್ಬರಿ ಧಾರಣೆ ಬರೆದು ಬರೆದು ನಾನೇ ಅರ್ಧ ಕೊಬ್ಬರಿಯಾಗಿದ್ದೆ. ಓಜೋನ್ ಪದರದ ತೂತು, ಆಮ್ಲಮಳೆ, ಕರಗುವ ಹಿಮ, ಒಂದೊಂದೂ ನನಗೆ ಬೆರಗು. ಅಂಟಾರ್ಕ್ಟಿಕಾದ ಮೇಲಿನ ತೂತಿಗೆ ಫ್ರಿಜ್ಜಿನ ಅನಿಲವೂ ಕಾರಣ ಎಂದು ಓದಿದ ದಿನ, ನಮ್ಮ ಬೀದಿಯಲ್ಲಿ ಫ್ರಿಜ್ಜಿದ್ದ ಏಕೈಕ ಮನೆಯ ಮುಂದೆ ಎರಡು ಸಲ ನಡೆದು, ಒಳಗೆ ಇಣುಕಿ ನೋಡಿ ಬಂದೆ.

ಹಾಗೆಯೇ ಎದುರಾಯಿತು ಎಲ್ ನಿನೋ. ಎಲ್ಲೋ ಪೆರು ದೇಶದ ಕರಾವಳಿಯಾಚೆ ಪೆಸಿಫಿಕ್ ಸಾಗರದ ನೀರು ಬೆಚ್ಚಗಾದರೆ ನಮ್ಮ ಮುಂಗಾರು ತಾಳ ತಪ್ಪಬಹುದಂತೆ. ಈ ಸಂಬಂಧ ಹೇಗೆ ಕುದುರಿತು ಎಂಬ ಕುತೂಹಲದಲ್ಲಿ ಮೂರು ದಿನ ಓದಿ ಬರೆದೆ. ಫ್ಯಾಕ್ಸ್ ಕೆಟ್ಟಿತ್ತು. ರೈಲ್ವೆ ನಿಲ್ದಾಣದ ಪಕ್ಕದ ಬೂತಿನಿಂದ ಫೋನಿನಲ್ಲಿ ಓದಿ ಹೇಳಿದೆ. ಸರಿಯಾಗಿ ಆ ಪದಕ್ಕೆ ಬರುವಾಗ ಗೂಡ್ಸ್ ರೈಲು ಹೊರಟಿತು.

"ಏನಂದ್ರಿ?" ಎಂದರು ಆ ಕಡೆಯ ಉಪಸಂಪಾದಕರು.

"ಎಲ್ ನಿನೋ!"

"ಎಲ್ಲಾ...?"

"ನಿನೋ! ನಿನೋ!"

"ಕಿರುಚಬೇಡಿ ಸಾರ್, ಬರ್ಕೊಂಡೆ."

ಮರುದಿನ ಅಚ್ಚಾಗಿದ್ದು ಹೀಗೆ: ‘ಮುಂಗಾರು ಏರುಪೇರಾಗಲು ಕಾರಣ ಎಲ್ಲ ನೀನೇ ಎಂದು ವಿಜ್ಞಾನಿಗಳು ಅಭಿಪ್ರಾಯಪಟ್ಟಿದ್ದಾರೆ.’

ನಾನು ನೋಡಲಿಲ್ಲ. ಬೆಳಿಗ್ಗೆ ಪತ್ರಿಕೆ ಬಂದರೆ ನಾನು ಪರಿಶೀಲಿಸುತ್ತಿದ್ದುದು ಎರಡೇ, ಕೊಬ್ಬರಿ ಧಾರಣೆ ಮತ್ತು ನನ್ನ ಹೆಸರು. ಎರಡೂ ಸರಿಯಿದ್ದವು. ಕೊಬ್ಬರಿ ವ್ಯಾಪಾರಿ ಶಿವಲಿಂಗಪ್ಪನವರು ಮಂಡಿಯಿಂದಲೇ ಕೂಗಿದರು: "ಏನ್ ಸಾರ್, ವಚನದ ಹಂಗೆ ಬರ್ದಿದೀರ! ಮಳೆ ಬಂದ್ರೂ ಅವನೇ, ಬರದಿದ್ರೂ ಅವನೇ. ಅಂತೂ ವಿಜ್ಞಾನಿಗಳೂ ದಾರಿಗೆ ಬಂದವ್ರೆ." ಶೈಲಿಯನ್ನು ಮೆಚ್ಚಿದರೆಂದು ಕೈಮುಗಿದು ಮುಂದೆ ನಡೆದೆ.

ಆಗ ಗಿರಿಜ ಹತ್ತು ದಿನದ ತರಬೇತಿಗೆ ಹಾಸನಕ್ಕೆ ಹೋಗಿದ್ದಳು. ಬೇಲೂರಿನ ರಸಪ್ರಶ್ನೆ ಸ್ಪರ್ಧೆಗೆ ತಯಾರಾಗುತ್ತಿದ್ದ ಮಕ್ಕಳಿಗೆ "ನಾನು ಬರೋವರೆಗೂ ನಮ್ಮನೆಯವರ ಅಂಕಣ ಓದ್ಕೊಳ್ಳಿ" ಎಂದು ಹೇಳಿದ್ದಳು. ಗೆದ್ದ ಶಾಲೆಗೆ ಗ್ಲೋಬು ಬಹುಮಾನ. ಅವಳಿಗೆ ಅದು ಬೇಕೇ ಬೇಕಿತ್ತು. ಶಾಲೆಯ ಹಳೇ ಗ್ಲೋಬಿನಲ್ಲಿ ಮಕ್ಕಳು ತೋರಿಸಿ ತೋರಿಸಿ ಏಷ್ಯಾ ಸವೆದು ಬೆಳ್ಳಗಾಗಿತ್ತು. ಭಾರತ ಎಲ್ಲಿ ಎಂದು ಕೇಳಿದರೆ ಗಿರಿಜ ಬೆರಳಿಟ್ಟು "ಇಲ್ಲಿತ್ತು" ಎನ್ನುತ್ತಿದ್ದಳು.

ಸ್ಪರ್ಧೆಯ ದಿನ ಅವಳು ಹಾಸನದಿಂದ ನೇರ ಬೇಲೂರಿಗೆ ಬಂದಳು. ವರದಿ ಮಾಡಲು ನಾನೂ ಹೋಗಿದ್ದೆ. ಕೊನೆಯ ಪ್ರಶ್ನೆ. ಪೆಸಿಫಿಕ್ ಬೆಚ್ಚಗಾಗಿ ನಮ್ಮ ಮುಂಗಾರನ್ನು ಕೆಡಿಸುವ ವಿದ್ಯಮಾನದ ಹೆಸರೇನು? ನಮ್ಮ ತಂಡದ ನಾಗರತ್ನ ಎದ್ದು ನಿಂತಳು. ಉತ್ತರ ಗೊತ್ತಿರುವ ಮುಖ. ಆದರೆ ಪ್ರಶ್ನೆ ಕೇಳಿದ್ದ ನಿವೃತ್ತ ಮೇಷ್ಟ್ರ ನರೆತ ತಲೆ ನೋಡಿ ಯಾಕೋ ಅನುಮಾನಿಸಿ, ಕೊನೆಗೆ ಹೇಳಿದಳು: "ಎಲ್ಲ ನೀವೇ ಸಾರ್."

"ನಾನಾ? ನಾನೇನಮ್ಮ ಮಾಡ್ದೆ?" ಎಂದರು ಮೇಷ್ಟ್ರು. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಒಂದೇ ಅಂಕದಲ್ಲಿ ಗ್ಲೋಬು ಬಿಕ್ಕೋಡಿನ ಶಾಲೆಗೆ ಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ನಾಗರತ್ನ ಕಣ್ಣೊರೆಸಿಕೊಂಡು ಪತ್ರಿಕೆಯ ತುಂಡೊಂದನ್ನು ಗಿರಿಜಳಿಗೆ ಕೊಟ್ಟಳು. "ಪೇಪರ್ನಾಗೆ ಹಿಂಗೇ ಐತೆ ಮೇಡಂ. ದೊಡ್ಡೋರಿಗೆ ನೀನು ಅಂತ ಹೆಂಗನ್ನೋದು ಅಂತ ನೀವು ಅಂದ್ಬಿಟ್ಟೆ. ಅದಕ್ಕೇ ತಪ್ಪಾಯ್ತೇನೋ."

ಗಿರಿಜ ಓದಿದಳು, ಮಡಿಸಿದಳು, ನನ್ನ ಕೈಗಿಟ್ಟಳು. ಹಳೇಬೀಡು ಬರುವವರೆಗೂ ನಾನು ಆ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದೆ.

"ಗೂಡ್ಸ್ ರೈಲಿನ ಸದ್ದು..." ಎಂದೆ.

"ಹಾಗಾದ್ರೆ ತಿದ್ದುಪಡಿ ಗೂಡ್ಸ್ ರೈಲಿನ ಹೆಸರಲ್ಲೇ ಹಾಕ್ಸಿ."

ಎರಡು ದಿನ ಹನ್ನೊಂದು ವರ್ಷಗಳನ್ನು ಒಂದು ಕಡೆ, ನಾಗರತ್ನಳ ಒಂದು ಅಂಕವನ್ನು ಇನ್ನೊಂದು ಕಡೆ ಇಟ್ಟು ನೋಡಿದೆ. ಮೂರನೆಯ ದಿನ ತಿದ್ದುಪಡಿ ಬರೆದು, ಫೋನನ್ನು ನಂಬದೆ, ಖುದ್ದಾಗಿ ಒಯ್ದು ಕೊಟ್ಟೆ. ಅಚ್ಚಾದದ್ದನ್ನು ಹಿಡಿದು ಬೇಲೂರಿನ ಮೇಷ್ಟ್ರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಹುಡುಗಿ ಓದಿದ್ದನ್ನ ಸರಿಯಾಗೇ ಓದಿದಾಳೆ. ಮರ್ಯಾದೆ ಬೇರೆ ಸೇರಿಸಿದಾಳೆ" ಎಂದು ಅಂಕ ಕೊಟ್ಟರು. ಅಂಕ ಸಮವಾಯಿತು. ಬಿಕ್ಕೋಡಿನವರೂ ದೊಡ್ಡ ಮನಸ್ಸು ಮಾಡಿದರು. ವರ್ಷದ ಮೊದಲರ್ಧ ಭೂಮಿ ಬಿಕ್ಕೋಡಿನಲ್ಲಿ, ಉಳಿದರ್ಧ ಅರಸೀಕೆರೆಯಲ್ಲಿ.

ನಮ್ಮ ಸರದಿ ಬಂದಾಗ ತರಲು ಹೋದವನು ನಾನೇ. ಬಸ್ಸಿನಲ್ಲಿ ಗ್ಲೋಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. "ಭೂಮಿಗೂ ಟಿಕೆಟ್ ತಗೊಳ್ಳಿ ಸಾರ್, ನೀವೊಬ್ರೇ ಹೊತ್ಕೊಂಡಿರೋ ಹಂಗೆ ಮುಖ ಮಾಡ್ಬೇಡಿ" ಎಂದ ಕಂಡಕ್ಟರು.

ಶಾಲೆಯ ಮೇಜಿನ ಮೇಲೆ ಇಟ್ಟ ತಕ್ಷಣ ನಾಗರತ್ನ, "ಎಲ್ ನಿನೋ ಎಲ್ಲಿ ಹುಟ್ಟತ್ತೆ, ತೋರ್ಸಿ ಸಾರ್" ಎಂದಳು. ಅಂಕಣಕಾರನ ಗತ್ತಿನಿಂದ ಗ್ಲೋಬು ತಿರುಗಿಸಿ, ದಕ್ಷಿಣ ಅಮೆರಿಕದ ಪಕ್ಕದ ನೀಲಿಯಲ್ಲಿ ಬೆರಳಿಟ್ಟೆ. ಅದು ಅಟ್ಲಾಂಟಿಕ್. ಗಿರಿಜ ನನ್ನ ಬೆರಳು ಹಿಡಿದು, ಇಡೀ ಖಂಡವನ್ನು ದಾಟಿಸಿ, ಆಚೆ ಬದಿಯ ಪೆಸಿಫಿಕ್ಕಿನಲ್ಲಿ ಇಳಿಸಿ, ಮೆಲ್ಲಗೆ, ಎಲ್ಲ ನೀನೇ, ಎಂದಳು.

ಮದುವೆಯಾದಾಗಿನಿಂದ ನನ್ನನ್ನು ಬಹುವಚನದಿಂದ ಇಳಿಸಿದವಳಲ್ಲ. ಪತ್ರಿಕೆಯ ಸಾಲನ್ನು ಉದ್ಧರಿಸಿದಳೋ, ನನಗೇ ಅಂದಳೋ? ಮನೆಗೆ ಬಂದು ಕೇಳಿದೆ. "ನೀವಲ್ವೇನ್ರೀ ವರದಿಗಾರರು, ಖಚಿತ ಮಾಡ್ಕೊಳ್ಳಿ" ಎಂದಳು. ಇನ್ನೂ ಖಚಿತವಾಗಿಲ್ಲ. ಆದ್ದರಿಂದಲೇ ಮೇಲೆ ಅವಳ ಆ ಮಾತಿಗೆ ಉದ್ಧರಣ ಚಿಹ್ನೆ ಹಾಕದೆ ಬಿಟ್ಟಿದ್ದೇನೆ. ಅದು ಅಚ್ಚಿನ ತಪ್ಪಲ್ಲ.