ಎದೆಯ ಪಟದಲ್ಲಿ ಬೆರಳುದ್ದದ ನೆರಳು

ಎಕ್ಸ್‌ರೇ ಕೋಣೆಯಲ್ಲಿ ನಗಬಾರದೆಂಬುದು ನನ್ನ ನಿಯಮ. ನಮ್ಮ ಮಂಡ್ಯದ ಜನ ಅದನ್ನು ಪಾಲಿಸಲು ಬಿಟ್ಟರೆ ತಾನೆ!

೧

ನಮ್ಮಲ್ಲಿಗೆ ಹೊಸ ತಂತ್ರಾಂಶ ಬಂತು. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಕಿರಣ ಹಾಯಿಸಿ ತೆಗೆದ ಎರಡು ಪಟಗಳನ್ನು ಅದು ಬೆಸೆಯುತ್ತದೆ. ಮೂಳೆಯ ಜೊತೆಗೆ ಮಾಂಸವೂ ಸ್ಪಷ್ಟವಾಗಿ ಕಾಣುತ್ತದೆ. ಬಂಡೂರಿನಲ್ಲಿ ಕುರಿ ಸಾಕುವವರೊಬ್ಬರು ತಮ್ಮ ಮುರಿದ ತೋಳಿನ ಹಳೆಯ ಪಟವನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ಭಾವಮೈದುನನನ್ನು ಕರೆದರು.

"ನೋಡ್ಲಾ, ಆಗ ಬರೀ ಮೂಳೆ ಇತ್ತು. ಈಗ ಎಂಗ್ ಮಾಂಸ ತುಂಬ್ಕಂಡದೆ! ಎಲ್ಲಾ ನಿಮ್ಮಕ್ಕನ ಮುದ್ದೆ ಕಣ್ಲಾ."

ಅದು ತಂತ್ರಾಂಶದ ಕೆಲಸವೆಂದು ವಿವರಿಸಲು ಹೊರಟೆ. ಭಾವಮೈದುನ ತಡೆದ.

"ಬುಡಿ ಸಾರ್. ನಮ್ಮಕ್ಕನ್ನ ಒಗಳ್ತಿರೋದು ಇದೇ ಮೊದ್ಲು."

೨

ಹನಕೆರೆ ಕಡೆಯ ವಯಸ್ಸಾದ ದಂಪತಿ ಬಂದರು. ಹೆಂಡತಿಗೆ ಬಿಡದ ಕೆಮ್ಮು. ಹೃದಯದ ಮರೆಯಲ್ಲಿ ಗಡ್ಡೆಯಿದ್ದೀತೆಂದು ಕಳಿಸಿದ ವೈದ್ಯರ ಅನುಮಾನ. ಗಂಡನಿಗೆ ಅದು ಗೊತ್ತಿತ್ತು. ಬೆಂಚು ಖಾಲಿಯಿದ್ದರೂ ಕೂರಲಾರದೆ ನಿಂತೇ ಇದ್ದರು.

"ತಾಳಿ ತೆಗೆಯಬೇಕು. ಲೋಹ ಅಡ್ಡ ಬಂದರೆ ಪಟ ಕೆಡುತ್ತದೆ," ಎಂದೆ.

"ಇವ್ರು ಇನ್ನೂ ಬದ್ಕವ್ರಲ್ಲ ಸಾರ್," ಎಂದು ಆಕೆ ಗಂಡನನ್ನು ತೋರಿಸಿದರು.

"ತೆಗಿ ಕಣಮ್ಮಿ. ಅಷ್ಟ್ರಲ್ಲಿ ನಾನೇನ್ ಓಯ್ತೀನಾ?"

"ನಿಮ್ಮನ್ನ ಏನಂತ ನಂಬದು? ಮದ್ದೂರ್ಗೆ ಓಗಿ ಈಗ್ ಬತ್ತೀನಿ ಅಂದೋರು ವಾರ ಆದ್ಮ್ಯಾಲೆ ಬಂದ್ರಿ!"

೩

ಗಂಡ ಆಕೆಯನ್ನು ಹೊರಗೆ ಕರೆದೊಯ್ದು ಒಪ್ಪಿಸಿಕೊಂಡು ಬಂದರು. ತಾಳಿ ಅವರ ಅಂಗೈಯಲ್ಲಿತ್ತು. ಆಕೆ ಕೊರಳವರೆಗೆ ಮುಚ್ಚುವ ಆಸ್ಪತ್ರೆಯ ಗೌನು ತೊಟ್ಟು ನಿಂತರು. ಪಟ ತೆಗೆದೆ.

ಹೃದಯದ ಹಿಂಭಾಗ ತಿಳಿಯಾಗಿತ್ತು. ಆದರೆ ಪಕ್ಕದಲ್ಲಿ ಬೆರಳುದ್ದದ, ಗಂಟುಗಂಟಾದ ನೆರಳು! ಇಷ್ಟು ವರ್ಷದಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ಹಿಗ್ಗಿಸಿದೆ, ತಿರುಗಿಸಿದೆ.

ಗಂಡ ನನ್ನ ಮುಖ ನೋಡಿ ಒಳಗೆ ಬಂದರು. "ಗಡ್ಡೆನಾ ಸಾರ್?"

"ಏನೋ ಇದೆ," ಎಂದು ಪರದೆ ತೋರಿಸಿದೆ.

ಅವರು ಬಗ್ಗಿ ನೋಡಿದರು. "ಅಯ್ಯೋ, ಇದು ಅರಿಸಿನದ ಕೊಂಬು ಸಾರ್! ಬರೀ ಕೊರಳಲ್ಲಿ ಇರ್ಬಾರ್ದು ಅಂತ ಈಗ ನಾನೇ ಅಂಗಡೀಲಿ ತಂದು ದಾರಕ್ಕೆ ಕಟ್ಟಿ ಆಕ್ದೆ. ನೀವು ಲೋಹ ಬ್ಯಾಡ ಅಂದ್ರಿ. ಅರಿಸಿನ ಬ್ಯಾಡ ಅನ್ನಿಲ್ವಲ್ಲ!"

ದಾರವನ್ನು ಬಿಚ್ಚಲು ಆಕೆ ಒಪ್ಪಲಿಲ್ಲ. ಕೊನೆಗೆ ಗಂಡನೇ ಕೊಂಬನ್ನು ಹಿಂದಕ್ಕೆ ಸರಿಸಿ ತುರುಬಿಗೆ ಸಿಕ್ಕಿಸಿದರು. ಮತ್ತೆ ತೆಗೆದ ಪಟದಲ್ಲಿ ನೆರಳಿಲ್ಲ.

"ಗಡ್ಡೆ ಇಲ್ಲ," ಎಂದೆ.

ಗಂಡ ಆಗ ಬೆಂಚಿನ ಮೇಲೆ ಕುಸಿದು ಕೂತರು. ಪಂಚೆಯಲ್ಲಿ ಕಣ್ಣೊರೆಸಿಕೊಂಡರು. ಹೆಂಡತಿ ಪರದೆಯನ್ನೇ ನೋಡುತ್ತಾ ಕೇಳಿದರು:

"ಅರಿಸಿನದ ಕೊಂಬು ಕಂಡ ಮಿಸೀನ್ಗೆ ನನ್ನೆದೇಲಿ ತುಂಬಿರೋ ಇವ್ರ ಬೀಡಿ ಒಗೆ ಕಾಣ್ನಿಲ್ವಾ ಸಾರ್?"

ಗಂಡ ಜೇಬಿನಿಂದ ಬೀಡಿ ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಇದ್ರುದ್ದೂ ಒಂದು ಪಟ ತೆಗ್ದುಕೊಡಿ ಸಾರ್. ಇನ್ಮ್ಯಾಲೆ ಪಟದಲ್ಲೇ ನೋಡ್ಕತೀನಿ."