ಎರಡನೇ ವರ್ಷದ ಹುಡುಗ

ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಸಲೀಸಾಗಿ ಹೊರಡುವುದಿಲ್ಲ. ಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಎಂದರೆ ಧಾರಾಳವಾಗಿ ಗೊತ್ತಿಲ್ಲ ಎನ್ನುತ್ತೇನೆ. ಗಣಿತದ ವಿಷಯ ಬಂದರೆ ಮಾತ್ರ ಕನ್ನಡಕ ಒರೆಸಿಕೊಂಡು "ಒಳ್ಳೇ ಪ್ರಶ್ನೆ, ನಾಳೆ ನೋಡೋಣ" ಎನ್ನುತ್ತೇನೆ. ಅಹಮದಾಬಾದಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದ ಮೇಷ್ಟರಿಕೆ ಹೀಗೇ ಸಾಗಿದೆ.

ನನ್ನ ಸಂಶೋಧನೆಯ ಹೆಸರು ಗ್ರೂಪ್ ರೆಪ್ರೆಸೆಂಟೇಷನ್‌ಗಳ ಸ್ಪೆಕ್ಟ್ರಲ್ ಥಿಯರಿ. ಹೆದರಬೇಡಿ. ಇಸ್ಪೀಟು ಕಟ್ಟನ್ನು ಎಷ್ಟು ಸಲ ಕಲೆಸಿದರೆ ಚೆನ್ನಾಗಿ ಬೆರೆಯುತ್ತದೆಂದು ಎಲೆ ಮುಟ್ಟದೆ, ಮ್ಯಾಟ್ರಿಕ್ಸ್‌ಗಳಿಂದಲೇ ಹೇಳುವ ವಿದ್ಯೆ ಅಷ್ಟೆ. ಇಲ್ಲಿ ಜನ್ಮಾಷ್ಟಮಿಗೆ ಇಸ್ಪೀಟು ಆಡುವ ರೂಢಿ. ಹಾಗಾಗಿ ಬೋಡಕ್‌ದೇವ್‌ನ ನಮ್ಮ ಅಪಾರ್ಟ್‌ಮೆಂಟಿನವರು ವರ್ಷಕ್ಕೊಮ್ಮೆ ನನ್ನನ್ನು ಬಹಳ ಗೌರವದಿಂದ ಕಾಣುತ್ತಾರೆ, ಮೊದಲ ಆಟ ಮುಗಿಯುವ ತನಕ.

ಸೂರತ್ತಿನ ಸೆಮಿನಾರಿಗೆ ಐದು ದಿನವಿತ್ತು. ನನ್ನ ಶಿಷ್ಯೆ ಕೀರ್ತನಾಳ ಮೊದಲ ಪ್ರಬಂಧ. ನಾನು ಸಹಲೇಖಕ. ಅದರಲ್ಲಿ ನಾನೇ ಬರೆದಿದ್ದ ಒಂದು ಹೆಜ್ಜೆಯ ಮೇಲೆ ಅನುಮಾನ ಹುಟ್ಟಿ ಊಟ ಸೇರದಾಯಿತು. ಯಾರನ್ನು ಕೇಳಲಿ? ಗಣಿತದವರು ಪ್ರಶ್ನೆ ಕೇಳುವ ಒಂದು ವೆಬ್‌ಸೈಟಿನಲ್ಲಿ ಸುಳ್ಳು ಹೆಸರಿಟ್ಟುಕೊಂಡು, "ನಾನು ಎರಡನೇ ವರ್ಷದ ಹುಡುಗ, ಇದು ನನಗೆ ತಿಳಿಯುತ್ತಿಲ್ಲ" ಎಂದು ಬರೆದೆ. ಬರೆಯುವಾಗ ಎಂಥ ಹಗುರ! ಅರ್ಧ ಗಂಟೆಯಲ್ಲಿ ಯಾರೋ ಅನಾಮಿಕರ ಉತ್ತರ ಬಂತು: ಪ್ರತಿ ಸಲವೂ ಎರಡೆರಡು ಎಲೆ ಅದಲುಬದಲು ಮಾಡುತ್ತಾ ಹೋದರೆ ಕಟ್ಟು ಎಂದೂ ಪೂರ್ತಿ ಬೆರೆಯದು, ಸಮ ಬೆಸ ಎಂದು ಓಲಾಡುತ್ತಲೇ ಇರುತ್ತದೆ, ಆ ಓಲಾಟ ತೋರಿಸುವ ಮೈನಸ್ ಒಂದನ್ನು ಲೆಕ್ಕದಲ್ಲಿ ಮರೆತಿದ್ದೀಯ, ನಿನ್ನ ಮೇಷ್ಟರನ್ನು ಕೇಳು.

ಪ್ರಬಂಧ ತೆಗೆದು ನೋಡಿದೆ, ಮೈನಸ್ ಒಂದು ನಿಜಕ್ಕೂ ಇರಲಿಲ್ಲ. "ಏನ್ರೀ, ಮಾರಿ ಯಾಕ ಹಿಂಗ ಬಿಳಚೈತಿ?" ಎಂದಳು ಹೆಂಡತಿ. ಏನಿಲ್ಲ ಎಂದೆ. ತಪ್ಪನ್ನು ಕೀರ್ತನಾಳಿಗೆ ಹೇಳಿದರೆ ಇಪ್ಪತ್ತು ವರ್ಷದ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಸೂರತ್ತಿನಲ್ಲಿ ತುಂಬಿದ ಸಭೆಯೆದುರು ಆ ಹುಡುಗಿಯ ಮಾನ. ಎರಡು ದಿನ ಅವಳು ಕಂಡ ಕಡೆ ಬೇರೆ ಮೆಟ್ಟಿಲು ಹತ್ತಿದೆ. ಮೂರನೇ ದಿನ ತಡೆಯಲಾರದೆ ಕರೆದು, ಮೂರನೇ ಪುಟದಲ್ಲಿ ತಪ್ಪಿದೆ, ತಪ್ಪು ನನ್ನದು ಎಂದೆ.

ಕೀರ್ತನಾ ನಮ್ಮ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರ ಮಗಳು, ಸೂರತ್ತಿನ ಅಡಾಜಣ್ ಬಡಾವಣೆಯಲ್ಲಿ ಬೆಳೆದವಳು. ತನ್ನ ಹರಕು ಕನ್ನಡದಲ್ಲಿ, "ನನಗೆ ಗೊತ್ತು ಸರ್. ಆನ್ಸರ್ ನಾನೇ ಕೊಟ್ಟಿದ್ದು" ಎಂದಳು.

"ನಾನು ಅಂತ ಹೇಗೆ ಗೊತ್ತಾಯ್ತು?"

"ಎಲ್ಲಾ ಬುಕ್ಸ್‌ನಲ್ಲಿ ಫಿಫ್ಟಿ ಟೂ ಕಾರ್ಡ್ಸ್ ಇರುತ್ತೆ ಸರ್. ಜೋಕರ್ ಹಾಕಿ ಫಿಫ್ಟಿ ಫೋರ್ ಬರೆಯೋದು ನೀವು ಒಬ್ರೇ."

ಮನೆಯಲ್ಲಿ ರಮ್ಮಿ ಆಡಿ ಬೆಳೆದವನ ಹಣೆಬರಹ! "ಮತ್ತೆ ನನಗೇ ಬಂದು ಹೇಳಬಾರದಿತ್ತಾ?" ಎಂದೆ.

"ನಿಮ್ಮ ಎದುರಿಗೆ ಡರ್ ಆಗುತ್ತೆ ಸರ್. ಆ ಹುಡುಗನ ಹತ್ತಿರ ಈಸಿ."

ಇಬ್ಬರೂ ಕೂತು ತಿದ್ದಿದೆವು. ಸೂರತ್ತಿನಲ್ಲಿ ಅವಳು ಚೆನ್ನಾಗಿಯೇ ಮಾತಾಡಿದಳು. ಕೊನೆಗೆ, ನನಗೆ ಹೇಳದೆ, "ಮೂಲ ಪ್ರಶ್ನೆ ಕೇಳಿದ ಎರಡನೇ ವರ್ಷದ ಹುಡುಗನಿಗೆ" ಕೃತಜ್ಞತೆಯನ್ನೂ ಸಲ್ಲಿಸಿಬಿಟ್ಟಳು. ಚಹಾದ ಹೊತ್ತಿಗೆ ಹಿರಿಯ ಪ್ರೊಫೆಸರರೊಬ್ಬರು ನನ್ನ ಬಳಿ ಬಂದರು. "ತಿಳಿಯದ್ದನ್ನು ತಿಳಿಯದು ಎಂದು ನೇರವಾಗಿ ಕೇಳುವವರು ಈಗೆಲ್ಲಿ ಸಿಗುತ್ತಾರೆ, ಆ ಹುಡುಗನನ್ನು ನನ್ನಲ್ಲಿಗೆ ಕಳಿಸಿ, ನಿಮ್ಮ ಕಾಲೇಜಿನವನೇ ಏನು?" ಎಂದು ವಿಚಾರಿಸಿದರು. ಕೀರ್ತನಾ ಚಹಾದ ಕಪ್ಪಿನೊಳಗೆ ಇಣುಕಿ ನೋಡತೊಡಗಿದಳು.

"ಇಲ್ಲ ಸಾರ್," ಎಂದೆ, "ಅಂಥವನು ನಮ್ಮ ಕಾಲೇಜಿನಲ್ಲಿ ಯಾರೂ ಇಲ್ಲ."

ಅಂದು ನಾನು ಸುಳ್ಳು ಹೇಳಿದೆನೆಂದು ನನಗೆ ಈಗಲೂ ಅನಿಸುವುದಿಲ್ಲ.