ಪರಂಗಿಯವರೂ ನನ್ನ ಮಾವನ ಕೊಡೆಯೂ

ನನ್ನ ಸೋದರಮಾವ ಐನೂರು ವರ್ಷ ಮೊದಲೇ ಹುಟ್ಟಿ, ಪರಂಗಿಯವರ ಊರಿನ ಬಂದರಿನಲ್ಲಿ ಒಂದು ಬೆಂಚು ಹಾಕಿ ಕೂತಿದ್ದರೆ ಸಾಕಿತ್ತು. ಒಬ್ಬನೇ ಒಬ್ಬ ಪರಂಗಿಯವ ಹಡಗು ಹತ್ತುತ್ತಿರಲಿಲ್ಲ! "ಹ್ವಾಯ್, ಹೊರ್ಟದ್ ಎಂತಕೆ?" ಎಂದು ಇವರು ಶುರು ಮಾಡಿದರೆ, ಪ್ರಶ್ನೆ ಮುಗಿಯುವುದರೊಳಗೆ ಗಾಳಿಯೇ ದಿಕ್ಕು ಬದಲಾಯಿಸಿ ಹಡಗು ಅಲ್ಲೇ ಬಾಕಿಯಾಗುತ್ತಿತ್ತು.

ಮಾವ ಬೈಂದೂರಿನ ಕಡೆ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಮದುವೆಯ ಗೋಜಿಗೆ ಹೋಗಲಿಲ್ಲ. ಪರಂಗಿಯವರು ಸ್ವಂತ ಮನೆಮಠ ಬಿಟ್ಟು ಸಮುದ್ರದಾಚೆ ಹೋಗಿ ಯಾಕೆ ನೆಲೆಸಿದರು? ಪಾಠ ಕೇಳಿದ ಮಕ್ಕಳು ಇದನ್ನು ಎಂದೋ ಮರೆತರು. ಪಾಠ ಮಾಡಿದವರು ಮರೆಯಬೇಕಲ್ಲ! ಮುಂಬೈ ಬಸ್ಸಿಗೆ ಕಾಯುವವರು ಕಣ್ಣಿಗೆ ಬಿದ್ದರಂತೂ ಮುಗಿದೇ ಹೋಯಿತು.

"ಅವ್ರ ಊರಂಗೆ ಆಸ್ತಿ ಎಲ್ಲ ದೊಡ್ಡ ಮಗನಿಗೆ. ಉಳ್ದವ್ರಿಗೆ ಎಂತ? ಹಡಗು!" ಎಂದರು ಒಮ್ಮೆ, ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅಂಥ ಒಬ್ಬನಿಗೆ.

"ಮಾಷ್ಟ್ರೆ, ನಮ್ದ್ ಅಳಿಯಕಟ್ಟ್. ಆಸ್ತಿ ಎಲ್ಲ ಅಕ್ಕತಂಗೇರಿಗೆ. ನಮ್ಗೆ ಬಸ್ಸಾರೂ ಸಿಕ್ಲಿ, ಬಿಡಿ!" ಎಂದು ಆ ಮನುಷ್ಯ ಬ್ಯಾಗು ಎತ್ತಿಕೊಂಡು ಓಡಿದ.

ಮೀನು ಮಾರುವ ಹೆಂಗಸನ್ನೂ ಬಿಟ್ಟವರಲ್ಲ. ಅವಳು ಬುಟ್ಟಿ ಇಳಿಸಿ ಒಂದು ಗಳಿಗೆ ಯೋಚಿಸಿದಳು. "ಅವ್ರ ಊರಂಗೆ ಮೀನ್ ಸಾರಿಗೆ ಹಾಕೂಕೆ ಒಳ್ಳೆಮೆಣ್ಸೂ ಇಲ್ಲೆ ಅಂಬ್ರಲೆ! ಹಾಂಗ್ ಇಪ್ಪ ಊರಂಗೆ ಯಾರ್ ಕೂಕಂತ್ರ್?" ಕರಿಮೆಣಸಿನ ಈ ಉತ್ತರಕ್ಕೆ ಮಾವ ಸಂತೋಷ ತಡೆಯಲಾಗದೆ ಬುಟ್ಟಿಯಲ್ಲಿದ್ದ ಬಂಗುಡೆಯನ್ನೆಲ್ಲ ಕೊಂಡುಬಿಟ್ಟರು. ಒಂಟಿ ರೂಮಿನ ಮನುಷ್ಯ ಅಷ್ಟು ಬಂಗುಡೆ ಏನು ಮಾಡಬೇಕು? ತ್ರಾಸಿಯ ನಮ್ಮ ಮನೆಗೆ ತಂದು ಸುರಿದರು. ನಾವು ಉಂಡದ್ದೂ ಬಂಗುಡೆ, ಉಸಿರಾಡಿದ್ದೂ ಬಂಗುಡೆ.

ಇದನ್ನಾದರೂ ಸಹಿಸಬಹುದು. ಮಾವನಿಗೆ ಒಂದು ವ್ರತವೂ ಇದೆ. ಯಾರ ಮನೆಯಲ್ಲೂ ರಾತ್ರಿ ಉಳಿಯುವುದಿಲ್ಲ, ಒಂದು ಸಾಮಾನೂ ಬಿಟ್ಟು ಬರುವುದಿಲ್ಲ. "ಪರಂಗಿಯವ್ರ್ ಬಂದದ್ದೂ ನೆಂಟ್ರ್ ಹಾಂಗೇ. ಮೊದ್ಲ್ ಸಾಮಾನ್ ಇಡೂಕೆ ಒಂದ್ ಗೋಡೌನ್. ಕಡಿಗ್ ಕೋಟೆ!" ಅಮಾಸೆಬೈಲಿನ ನೆಂಟರ ಮನೆಯಿಂದ ಜಡಿಮಳೆಯಲ್ಲಿ ಹೊರಟವರು, ಅರ್ಧ ದಾರಿಯಲ್ಲಿ ಬಸ್ಸಿಳಿದು ವಾಪಸು ಬಂದರಂತೆ. ಮನಸ್ಸು ಬದಲಾಯಿತು ಅಂದುಕೊಂಡು ನೆಂಟರು ಹಾಸಿಗೆ ಬಿಡಿಸಿದರೆ, ಇವರು ಬಂದದ್ದು ಒಣಗಲು ಹಾಕಿದ್ದ ಕರ್ಚೀಫಿಗೆ!

ಈ ವ್ರತದಿಂದ ನಿಜವಾಗಿ ಸೋತವಳು ನನ್ನ ಅಮ್ಮ, ಅಂದರೆ ಮಾವನ ತಂಗಿ. ಅಳಿಯಕಟ್ಟಿನಲ್ಲಿ ಮನೆ ಹೆಣ್ಣುಮಕ್ಕಳದ್ದೇ ಆದರೂ ಹುಟ್ಟಿದ ಮನೆಯಲ್ಲಿ ಕೊನೆಯತನಕ ಇರುವ ಹಕ್ಕು ಗಂಡುಮಕ್ಕಳಿಗೂ ಉಂಟು. ಮಾವ ಮಾತ್ರ ಅಮ್ಮನ ಮದುವೆಯಾದ ತಿಂಗಳೇ, "ಇಲ್ಲಿಂದ ಶಾಲಿಗ್ ಬಸ್ ಸಿಕ್ಕುದಿಲ್ಲೆ" ಎಂದು ತ್ರಾಸಿಯ ಈ ಮನೆ ಬಿಟ್ಟು ಕುಂದಾಪುರದಲ್ಲಿ ರೂಮು ಮಾಡಿದರು. ಹೇಗಿದೆ ಕಾರಣ! ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸು ನಮ್ಮ ಮನೆಯ ಮುಂದಿನಿಂದಲೇ ಹೋಗಬೇಕು. ಅಷ್ಟೂ ವರ್ಷ ಮಾವ ಅದೇ ಬಸ್ಸಿನ ಕಿಟಕಿಯಿಂದ ಅಮ್ಮನಿಗೆ ಕೈ ಬೀಸುತ್ತಾ ಶಾಲೆಗೆ ಹೋದರು.

ಈಗ ಆ ರೂಮಿನ ಕಟ್ಟಡವನ್ನೇ ಕೆಡವುತ್ತಾರಂತೆ. ಮಾವ ಇನ್ನೂ ದೂರ, ಬ್ರಹ್ಮಾವರದ ಕಡೆ ಬೇರೆ ರೂಮು ಹುಡುಕುತ್ತಿದ್ದಾರೆಂದು ಗೊತ್ತಾದದ್ದೇ ತಡ, ಅಮ್ಮನಿಗೆ ಅನ್ನ ಸೇರದಾಯಿತು. ಕಳೆದ ಭಾನುವಾರ ಊಟಕ್ಕೆ ಬಂದ ಮಾವ, ಪರಂಗಿಯವರ ಊರಿನ ಬರಗಾಲವನ್ನೂ ಮತದ ಜಗಳವನ್ನೂ ವರ್ಣಿಸುತ್ತಿದ್ದಾಗ ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು.

"ಪರಂಗಿಯವ್ರದ್ ಸಾಕ್ ಅಣ್ಣಯ್ಯ. ನೀನ್ ಎಂತಕೆ ಮನಿ ಬಿಟ್ಟದ್?"

ಮಾವ ಅನ್ನ ಕಲಸಿದರು, ಮತ್ತೆ ಕಲಸಿದರು.

"ಇದ್ದದ್ ಒಂದೇ ಕೋಣಿ ಅಲ್ದಾ ತಂಗಿ," ಎಂದರು ಕೊನೆಗೆ. "ಭಾವ ಹೊಸ್ತಾಯಿ ಬಂದವ. ನಾನ್ ಇದ್ದಿದ್ರೆ ನಿಮ್ಗೆ ಜಾಗ ಎಲ್ಲಿತ್ತ್?"

"ನಂಗ್ ಅವತ್ತೇ ಗೊತ್ತಿತ್ತ್," ಎಂದಳು ಅಮ್ಮ. "ನಿಂಗೆ ಅಂದೇಳಿಯೇ ಅವ್ರ್ ಮತ್ತೊಂದ್ ಕೋಣಿ ಕಟ್ಸಿದ್ರ್. ಈಗ ಅವ್ರೂ ತೀರ್ಹೋದ್ರ್. ನೀನಾರೂ ಬಾ ಅಣ್ಣಯ್ಯ." ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕೈತೊಳೆದ ಮಾವ ಯಾವತ್ತಿನಂತೆ ಕೊಡೆ ಹಿಡಿದು ಹೊರಟರು. ಮೆಟ್ಟಿಲಿಳಿದರು. ಬಸ್ಸೂ ಬಂತು. ಅದನ್ನು ಹೋಗಲು ಬಿಟ್ಟು, ತಿರುಗಿ ಬಂದು, ಜಗಲಿಯ ಮೊಳೆಗೆ ಕೊಡೆಯನ್ನು ನೇತುಹಾಕಿದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಮಾವ, ಗೋಡೌನ್ ಆಯ್ತಲೆ!" ಎಂದೆ.

"ಹೌದಲ್ದಾ," ಎಂದರು ಮಾವ, ಕನ್ನಡಕ ತೆಗೆದು ಒರೆಸುತ್ತಾ. "ಹಾಂಗಾರೆ ಕೋಟೆ ಕಟ್ಟುಕೆ ಜಾಗ ಎಲ್ಲಿತ್ತ್ ತೋರ್ಸ್, ಕಾಂಬ."

ಅಮ್ಮ ಆಗಲೇ ಆ ಕೋಣೆಗೆ ಹೋಗಿ ಚಾಪೆ ಕೊಡವುತ್ತಿದ್ದಳು.